ಖಾಸನೀಸ ಕಾಕಾ ಅವರ ಒಂದನೇ ನಂಬರು

ನಮ್ಮ ಕಟ್ಟಡದಲ್ಲಿ ಇಂಟರ್ನೆಟ್ಟು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ ಬರುತ್ತಿತ್ತು ಎಂದು ಯಾರಾದರೂ ಹೇಳಿದರೆ ಸುಳ್ಳು ಎನ್ನಲಾರೆ. ಅಷ್ಟೇ ಹೊತ್ತು ಬರುತ್ತಿದ್ದದ್ದು ನಿಜ. ಆದರೆ ಅದಕ್ಕೆಲ್ಲ ನಾನೊಬ್ಬನೇ ಕಾರಣ ಎಂದು ನಮ್ಮ ಬಡಾವಣೆ ದಾಪೋಡಿಯ ತುಂಬ ಹೇಳಿಕೊಂಡು ತಿರುಗುವವರಿದ್ದಾರಲ್ಲ, ಅವರ ಬಾಯಿಗೆ ಬೀಗ ಹಾಕುವ ಸಲುವಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ಸಿದ್ದಲಿಂಗಪ್ಪ. ಇಂಡಿ ತಾಲೂಕಿನವನು. ಭೋಸರಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದ್ದೇನೆ. ನನ್ನ ಸ್ಟೋರಿನಿಂದ ಸಹಿಯಿಲ್ಲದೆ ಒಂದು ವಾಷರು ಹೊರಗೆ ಹೋದದ್ದಿಲ್ಲ. ಮಾಲಕರ ಮಗ ಬಂದು ಬಲ್ಬು ಕೇಳಿದಾಗಲೂ ಮೊದಲು ರಿಜಿಸ್ಟರು, ಆಮೇಲೆ ಬಲ್ಬು. ಇಂಥ ಸ್ಟೋರಿನ ಗೋಡೆಗೆ ಕಳೆದ ಜೂನ್‌ನಲ್ಲಿ ಒಂದು ನೋಟೀಸು ಅಂಟಿತು. ಕಂಪನಿಯ ಎಲ್ಲ ಸ್ಟೋರುಗಳನ್ನೂ ಕಂಪ್ಯೂಟರಿಗೆ ಏರಿಸಿ ಒಂದಕ್ಕೊಂದು ಜೋಡಿಸುತ್ತಾರಂತೆ. ಮಾರ್ಚ್ ಮುಗಿಯುವುದರೊಳಗೆ ಕಂಪ್ಯೂಟರಿನ ಸರ್ಟಿಫಿಕೇಟು ತರದವರನ್ನು ಕುರಕುಂಭದ ಗೋದಾಮಿಗೆ ವರ್ಗ ಮಾಡುತ್ತಾರಂತೆ.

ಕುರಕುಂಭವೆಂದರೆ ನನಗೆ ಸ್ವಾರಗೇಟಿನ ತನಕ ಒಂದು ಬಸ್ಸು, ಅಲ್ಲಿಂದ ಸೋಲಾಪುರದ ದಾರಿಯಲ್ಲಿ ಇನ್ನೊಂದು ಬಸ್ಸು. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ನಿವೃತ್ತಿಗೆ ನಾಲ್ಕು ವರ್ಷ ಉಳಿದಿದೆ, ಎರಡೂ ಮೊಣಕಾಲು ನೋಯುತ್ತವೆ. ಸಂಜೆ ನೋಟೀಸಿನ ವಿಷಯ ಹೇಳಿದಾಗ ನನ್ನ ಹೆಂಡತಿ ಭೀಮವ್ವ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ಅಷ್ಟು ದೂರ ಹೋಗೂದಾದ್ರ ಡಬ್ಬಿ ನಸಕಿನ್ಯಾಗ ಕಟ್ಟಬೇಕಾಗತದ. ನಾ ಅಂತೂ ಏಳಂಗಿಲ್ಲ. ಸುಮ್ಮನ ಸಾಲಿ ಕಲೀರಿ."

ಹೀಗೆ ಐವತ್ತಾರನೆಯ ವಯಸ್ಸಿನಲ್ಲಿ ನಾನು ನಮ್ಮ ಭಾಗದ ಕಮ್ಯುನಿಟಿ ಕಾಲೇಜಿನ ಸಾಲಿನಲ್ಲಿ ನಿಂತೆ. ಶನಿವಾರ, ಭಾನುವಾರ ಕ್ಲಾಸು, ಆರು ತಿಂಗಳು. ಕಿಟಕಿಯ ಹಿಂದಿದ್ದ ಗುಮಾಸ್ತ ತಲೆ ಎತ್ತದೆ, "ಬೇಸಿಕ್ಕೋ ಅಡ್ವಾನ್ಸ್‌ಡೋ?" ಎಂದು ಕೇಳಿದ. ಬೇಸಿಕ್ ಎಂಬ ಶಬ್ದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಬೆನ್ನ ಹಿಂದಿನಿಂದ, "ಏನ್ರಿ ಸಾಹೇಬ್ರ, ನೀವೂ ಬಂದ್ರೇನು?" ಎಂದು ಯಾರೋ ಕೇಳಿದರು. ತಿರುಗಿ ನೋಡಿದರೆ ನಮ್ಮ ಕಾರ್ಖಾನೆಯ ಡಿಸ್ಪ್ಯಾಚಿನ ಅಮರ. ನಟ್ಟು ಯಾವುದು, ಬೋಲ್ಟು ಯಾವುದು ಎಂದು ನನ್ನ ಕೈಯಲ್ಲಿ ಕಲಿತವನು! ಅವನ ಎದುರಿಗೆ ಬೇಸಿಕ್ ಎನ್ನುವುದು ಹೇಗೆ?

"ಅಡ್ವಾನ್ಸ್‌ಡ್," ಎಂದೆ, ಸಾಲಿನ ಕೊನೆಯವನಿಗೂ ಕೇಳುವ ಹಾಗೆ.

"ಅಡ್ವಾನ್ಸ್‌ಡ್‌ನಲ್ಲಿ ನೆಟ್‌ವರ್ಕಿಂಗ್ ಒಂದೇ ಇದೆ."

"ಅದನ್ನೇ ಬರೀರಿ."

ಅಮರ ತೆಪ್ಪಗೆ ಬೇಸಿಕ್ ಸೇರಿಕೊಂಡ. ಆರು ತಿಂಗಳಲ್ಲಿ ಅವನು ಪತ್ರ ಟೈಪು ಮಾಡಲು, ಅದಕ್ಕೆ ಬಣ್ಣದ ಗೆರೆ ಹಾಕಲು ಕಲಿತು ಆರಾಮಾಗಿ ಸರ್ಟಿಫಿಕೇಟು ಪಡೆದ. ನನ್ನ ಕಥೆ ಅಷ್ಟು ಸಲೀಸಾಗಿ ಮುಗಿಯುವುದಿರಲಿಲ್ಲ.

ಮೊದಲ ದಿನ ನಾನು ಕ್ಲಾಸಿನ ಒಳಗೆ ಕಾಲಿಟ್ಟ ಕೂಡಲೆ ಮೂವತ್ತು ಹುಡುಗ ಹುಡುಗಿಯರು ಎದ್ದು ನಿಂತು ನಮಸ್ಕಾರ ಮಾಡಿದರು. ಪಾಠ ಹೇಳುವ ಹರ್ಷಿತಾ ಮೇಡಂ ಮೈಸೂರಿನ ಕಡೆಯವರು. ವಾರವೆಲ್ಲ ಹಿಂಜವಡಿಯ ಯಾವುದೋ ಕಂಪನಿಯಲ್ಲಿ ದುಡಿದು, ರಜೆಯ ದಿನ ಇಲ್ಲಿ ಬಂದು ಗಂಟಲು ಹರಿದುಕೊಳ್ಳುವ ಹುಡುಗಿ. ಅವರೂ ಗಾಬರಿಯಲ್ಲಿ ತಮ್ಮ ಕನ್ನಡದಲ್ಲೇ, "ಸರ್, ಇನ್‌ಸ್ಪೆಕ್ಷನ್ನಾ? ನಮ್ಗೆ ಯಾರೂ ಇನ್‌ಫಾರ್ಮೇ ಮಾಡ್ಲಿಲ್ಲ," ಎಂದರು.

"ಇನ್‌ಸ್ಪೆಕ್ಷನ್ ಅಲ್ರಿ ಮೇಡಂ. ಕಲೀಲಿಕ್ಕೆ ಬಂದೀನಿ."

ಮೂವತ್ತು ಜನವೂ ಒಟ್ಟಿಗೆ ಕುಳಿತರು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಪಾಠದಲ್ಲಿ ನನಗೆ ಅರ್ಥವಾದದ್ದು ಇಷ್ಟು. ಜಾಲದಲ್ಲಿರುವ ಪ್ರತಿಯೊಂದು ಕಂಪ್ಯೂಟರಿಗೂ ಒಂದು ನಂಬರು ಇರಬೇಕು. ಉದ್ದನೆಯ ನಂಬರು. ಅದರ ಮುಂದಿನ ಭಾಗ ಎಲ್ಲರಿಗೂ ಒಂದೇ, ಕಟ್ಟಡದ ಹೆಸರು ಇದ್ದ ಹಾಗೆ. ಕೊನೆಯ ಅಂಕಿ ಮಾತ್ರ ಅವರವರದು, ಮನೆ ನಂಬರು ಇದ್ದ ಹಾಗೆ. ಒಂದು ನಂಬರು ಇಬ್ಬರಿಗೆ ಹೋಗಕೂಡದು. ಇಷ್ಟರವರೆಗೆ ನನಗೂ ಕಂಪ್ಯೂಟರ್ ಶಾಸ್ತ್ರಕ್ಕೂ ಯಾವ ತಕರಾರೂ ಇರಲಿಲ್ಲ. ಆದರೆ ಮೇಡಂ ಮುಂದುವರಿದು, ಈ ನಂಬರುಗಳನ್ನು ರೌಟರ್ ಎಂಬ ಪೆಟ್ಟಿಗೆಯೇ ತನ್ನಷ್ಟಕ್ಕೆ ಹಂಚಿಕೊಡುತ್ತದೆ ಎಂದರು.

ನಾನು ಕೈ ಎತ್ತಿದೆ. "ಸಹಿ ಯಾರು ತಗೋತಾರ್ರಿ?"

"ಸಹಿನಾ? ಯಾರೂ ತಗೊಳಲ್ಲ ಸರ್. ಆಟೊಮ್ಯಾಟಿಕ್ಕು."

"ಅಂದ್ರ ಇವತ್ತ ಯಾರಿಗೆ ಯಾವ ನಂಬರ್ ಹೋತು ಅನ್ನೂದಕ್ಕ ಪುರಾವೆ?"

"ಬಾಕ್ಸ್‌ಗೆ ಗೊತ್ತಿರುತ್ತೆ ಸರ್."

"ಮೇಡಂ, ಸ್ಟೋರಿನ್ಯಾಗ ಇಂಥಾ ಮಾತು ಆಡಿದ್ರ ಆಡಿಟ್‌ನವ್ರು ಅಲ್ಲೇ ಹಿಡೀತಾರ."

ಮೇಡಂ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡು, ನಂಬರನ್ನು ಕೈಯಿಂದಲೂ ಕೊಡಬಹುದು, ಆದರೆ ಈಗ ಯಾರೂ ಹಾಗೆ ಮಾಡುವುದಿಲ್ಲ ಎಂದರು. ಯಾರೂ ಮಾಡದಿದ್ದರೆ ಒಬ್ಬರಾದರೂ ಮಾಡಬೇಕು ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹಾಗೆ ಬರೆದುಕೊಳ್ಳುತ್ತಿದ್ದಾಗ ಅವರು ಗೇಟ್‌ವೇ ಎಂಬುದರ ಕುರಿತು ಐದು ನಿಮಿಷ ಏನೋ ಹೇಳಿದರಂತೆ. ನಾನು ಕೇಳಿಸಿಕೊಳ್ಳಲಿಲ್ಲ.

ಅತ್ತ ಭೀಮವ್ವ ನಮ್ಮ ಹನ್ನೆರಡು ಮನೆಯ ಕಟ್ಟಡದಲ್ಲಿ ಸುದ್ದಿ ಹಬ್ಬಿಸಿದ್ದಳು. ಕುರಕುಂಭದ ಮಾತನ್ನು ನುಂಗಿಕೊಂಡು, ಕಂಪನಿಯವರೇ ಕೈಮುಗಿದು ನಮ್ಮವರನ್ನು ಕಾಲೇಜಿಗೆ ಕಳಿಸಿದ್ದಾರೆ ಎಂದು ಹೇಳಿದ್ದಳು. ಮರುದಿನವೇ ಎರಡನೆಯ ಮಹಡಿಯ ಯಮನವ್ವ ಮಿಕ್ಸರ್ ಹೊತ್ತುಕೊಂಡು ಬಂದಳು. ಗಂಡನದು ಪಾತ್ರೆ ಅಂಗಡಿ, ಜಮಖಂಡಿಯವರು.

"ಅಣ್ಣಾರ, ಇದು ತಿರಗವಲ್ದು ನೋಡ್ರಿ."

"ಯವ್ವಾ, ನಾ ಕಲ್ಯಾಕತ್ತಿದ್ದು ನೆಟ್‌ವರ್ಕಿಂಗ್."

"ಇದಕ್ಕೂ ವಾಯರ್ ಅದ ಅಲ್ರಿ?"

ವಾಯರ್ ಇರುವುದನ್ನು ನಾನು ಅಲ್ಲಗಳೆಯಲಾಗಲಿಲ್ಲ. ಅದಾದ ಮೇಲೆ ಟಿವಿ ರಿಮೋಟು ಬಂತು, ಬ್ಯಾಟರಿ ಉಬ್ಬಿದ ಫೋನು ಬಂತು, ನಮ್ಮ ಕಟ್ಟಡದ ವಕೀಲರ ಮನೆಯ ಗೀಸರ್ ನೋಡಲು ಕರೆ ಬಂತು. ಕೊನೆಗೆ ಸೊಸೈಟಿಯ ಅಧ್ಯಕ್ಷರಾದ ಖಾಸನೀಸ ಕಾಕಾ ಅವರೇ ಬಂದರು.

ಕಾಕಾ ಅವರಿಗೆ ಎಂಬತ್ತೊಂದು ವರ್ಷ. ಪಾಟಬಂಧಾರೆ ಎಂಬ ನೀರಾವರಿ ಇಲಾಖೆಯಲ್ಲಿ ಅಣೆಕಟ್ಟಿನ ಬಾಗಿಲು ತೆರೆಸಿ, ಮುಚ್ಚಿಸಿ ನಿವೃತ್ತರಾದವರು. ಕಟ್ಟಡ ಎದ್ದ ದಿನದಿಂದ ಅವರೇ ಅಧ್ಯಕ್ಷರು. ನಮ್ಮ ನೋಟೀಸು ಬೋರ್ಡಿನ ಮೇಲೆ ಅವರ ಕೈಬರಹದ ಹದಿನೇಳು ಸೂಚನೆಗಳಿವೆ. ಗಂಟೆಯನ್ನು ಒಂದೇ ಸಲ ಒತ್ತಿರಿ, ನಮಗೆ ಕಿವಿ ಇದೆ ಎಂಬುದು ಅವುಗಳಲ್ಲಿ ಅತ್ಯಂತ ಮೃದುವಾದದ್ದು. ಮಧ್ಯಾಹ್ನ ಒಂದರಿಂದ ನಾಲ್ಕು ಅವರ ಮಲಗುವ ಸಮಯ. ಆಗ ಕಟ್ಟಡದಲ್ಲಿ ಕೊತ್ತಂಬರಿ ಮಾರುವವಳೂ ಪಿಸುಮಾತಿನಲ್ಲಿ ಕೂಗುತ್ತಾಳೆ.

"ಸಿದ್ಧಲಿಂಗರಾವ್," ಎಂದರು ಕಾಕಾ ತಮ್ಮ ಮರಾಠಿಯಲ್ಲಿ, "ಸೊಸೈಟಿಗೆ ಒಂದು ದೊಡ್ಡ ಇಂಟರ್ನೆಟ್ ಲೈನು ಬಂದಿದೆ. ಹನ್ನೆರಡು ಮನೆಗೂ ಜೋಡಿಸಬೇಕು. ಮನೆಯಲ್ಲೇ ತಜ್ಞರಿರುವಾಗ ಹೊರಗಿನವರನ್ನು ಯಾಕೆ ಕರೆಯಬೇಕು?"

ತಜ್ಞ ಎಂಬ ಶಬ್ದವನ್ನು ನನ್ನ ಬಗ್ಗೆ ಯಾರೂ ಆ ತನಕ ಆಡಿರಲಿಲ್ಲ. ಅದೂ ಅಲ್ಲದೆ ಕಾಲೇಜಿನಲ್ಲಿ ಕೊನೆಯ ಪರೀಕ್ಷೆ ಎಂದರೆ ಇದೇ. ಹತ್ತಕ್ಕಿಂತ ಹೆಚ್ಚು ಕಂಪ್ಯೂಟರುಗಳ ಒಂದು ಜಾಲವನ್ನು ನಿಜವಾದ ಜಾಗದಲ್ಲಿ ಕಟ್ಟಬೇಕು, ಹೊರಗಿನಿಂದ ಪರೀಕ್ಷಕರು ಬಂದು ನೋಡುತ್ತಾರೆ, ಓಡಿದರೆ ಸರ್ಟಿಫಿಕೇಟು, ಇಲ್ಲವಾದರೆ ಇಲ್ಲ. ನಾನು ಒಪ್ಪಿಕೊಂಡೆ.

ತಂತಿ ಎಳೆಯುವುದು ಎರಡು ಭಾನುವಾರದ ಸಂಜೆಗಳಲ್ಲಿ ಮುಗಿಯಿತು. ಸಭಾಗೃಹದಲ್ಲಿ ನೋಟೀಸು ಬೋರ್ಡಿನ ಕೆಳಗೆ ರೌಟರ್ ಪೆಟ್ಟಿಗೆಯನ್ನು ಇಟ್ಟೆ. ಮೂರನೆಯ ಮಹಡಿಯ ಪುನೀತ, ಮಂಡ್ಯದ ಹುಡುಗ, ಮನೆಯಿಂದಲೇ ಕಂಪನಿ ಕೆಲಸ ಮಾಡುವವನು, ಬಾಗಿಲಲ್ಲಿ ನಿಂತು, "ಅಂಕಲ್, ನಂಬರ್ ಎಲ್ಲಾ ಆಟೊಮ್ಯಾಟಿಕ್ಕಿಗೆ ಬಿಟ್ಬಿಡಿ, ಸಿಂಪಲ್," ಎಂದ. ಅವನಿಗೂ ಸಹಿಯ ಮಹತ್ವ ತಿಳಿಯದು. ನಾನು ಹೊಸದೊಂದು ರಿಜಿಸ್ಟರು ತೆರೆದೆ. ಕ್ರಮಾಂಕ, ಹೆಸರು, ಕೊಟ್ಟ ನಂಬರು, ತಾರೀಖು, ಸಹಿ ಎಂದು ಐದು ಕಾಲಂ ಎಳೆದು, ನಂಬರು ಹಂಚಲು ಸಭೆ ಕರೆದೆ.

ಒಂದು ತಾಸಿನಲ್ಲಿ ಮುಗಿಯಬೇಕಾದ ಸಭೆ ಮೂರು ತಾಸು ನಡೆಯಿತು. ಯಮನವ್ವನಿಗೆ ಒಂಬತ್ತೇ ಬೇಕಾಗಿತ್ತು. ವಕೀಲರಿಗೆ ಎಂಟು ಬಂದಾಗ, ಅದು ಶನಿಯ ಅಂಕಿ, ಬರವಣಿಗೆಯಲ್ಲಿ ಆಕ್ಷೇಪಣೆ ಸಲ್ಲಿಸುತ್ತೇನೆ ಎಂದರು. ಹದಿಮೂರನ್ನು ಯಾರೂ ಮುಟ್ಟಲಿಲ್ಲ. ನೆಲಮಹಡಿಯವರು, ನಾವು ಕೆಳಗಿದ್ದೇವೆಂದು ನಂಬರೂ ಕೊನೆಯದು ಕೊಡುವುದೇ ಎಂದು ಸಿಟ್ಟಾಗಿ ಎದ್ದು ಹೋಗಿ, ಚಹಾ ಬಂದಾಗ ವಾಪಸು ಬಂದರು. ಪುನೀತ ಮಾತ್ರ, "ನಂಗೆ ಯಾವ್ದಾದ್ರೂ ಓಕೆ ಅಂಕಲ್, ನೆಟ್ ಬಂದ್ರೆ ಸಾಕು," ಎಂದ. ಸ್ವಾಭಿಮಾನವೇ ಇಲ್ಲದ ಹುಡುಗ ಎಂದು ಎಲ್ಲರೂ ಅವನನ್ನು ಕನಿಕರದಿಂದ ನೋಡಿದರು.

ಒಂದನೇ ನಂಬರಿನ ಬಗ್ಗೆ ಚರ್ಚೆಯೇ ನಡೆಯಲಿಲ್ಲ. ಹಿರಿಯರು ಕುಳಿತಿರುವಾಗ ಒಂದು ಎಂಬುದನ್ನು ಬೇರೆ ಯಾರಿಗೆ ಕೊಡಲು ಸಾಧ್ಯ? ಖಾಸನೀಸ ಕಾಕಾ ಕನ್ನಡಕ ಏರಿಸಿಕೊಂಡು, ಮೊದಲನೆಯ ಸಾಲಿನಲ್ಲಿ ದೊಡ್ಡದಾಗಿ ಸಹಿ ಮಾಡಿದರು. ಮನೆಗೆ ಹೋಗಿ ಕೆಂಪು ಶಾಯಿಯಲ್ಲಿ ಒಂದು ಎಂದು ಬರೆದು ಕಂಪ್ಯೂಟರಿನ ಹಣೆಗೆ ಅಂಟಿಸಿಕೊಂಡರು. ಅಂದೇ ನಾನು ಮನೆಮನೆಗೆ ಹೋಗಿ ಅವರವರ ನಂಬರನ್ನು ಕಂಪ್ಯೂಟರಿಗೆ ತುಂಬಿ, ಉಳಿದ ಖಾನೆಗಳನ್ನು ಪುಸ್ತಕ ನೋಡಿ ತುಂಬಿದೆ.

ಮರುದಿನ ಬೆಳಿಗ್ಗೆಯಿಂದ ಯಾರ ಮನೆಯಲ್ಲೂ ಇಂಟರ್ನೆಟ್ ಇಲ್ಲ.

ಸರಿಯಾಗಿ ಹೇಳಬೇಕೆಂದರೆ ಬೆಳಿಗ್ಗೆ ಇಲ್ಲ, ಸಂಜೆ ಇಲ್ಲ, ರಾತ್ರಿ ಇಲ್ಲ. ಮಧ್ಯಾಹ್ನ ಒಂದು ಗಂಟೆ ಹೊಡೆದ ಕೂಡಲೆ ಮನೆಮನೆಗೂ ಗಂಗೆಯ ಹಾಗೆ ಹರಿದು ಬರುತ್ತಿತ್ತು. ನಾಲ್ಕಕ್ಕೆ ಸರಿಯಾಗಿ ನಿಂತು ಹೋಗುತ್ತಿತ್ತು. ನಾನು ತಂತಿ ಬದಲಿಸಿದೆ, ಪೆಟ್ಟಿಗೆ ಬದಲಿಸಿದೆ, ಪೆಟ್ಟಿಗೆ ಇಟ್ಟ ಮೇಜನ್ನೂ ಬದಲಿಸಿದೆ. ಒಂದು ಮಧ್ಯಾಹ್ನ ರಜೆ ಹಾಕಿ ಪೆಟ್ಟಿಗೆಯ ಎದುರು ಕುರ್ಚಿ ಹಾಕಿಕೊಂಡು ಕುಳಿತೆ. ಒಂದಕ್ಕೆ ಬಂತು, ನಾಲ್ಕಕ್ಕೆ ಹೋಯಿತು. ನನ್ನ ಕಡೆ ಅದು ತಿರುಗಿಯೂ ನೋಡಲಿಲ್ಲ.

ಹದಿನೈದು ದಿನದಲ್ಲಿ ಕಟ್ಟಡದ ಬಾಳೇ ಬದಲಾಯಿತು. ಯಮನವ್ವ ಧಾರಾವಾಹಿ ನೋಡಲು ಮಧ್ಯಾಹ್ನದ ಅಡಿಗೆಯನ್ನು ಬೆಳಿಗ್ಗೆಯೇ ಮುಗಿಸತೊಡಗಿದಳು. ವಕೀಲರು ಕೋರ್ಟಿನಿಂದ ಓಡಿ ಬರುತ್ತಿದ್ದರು. ಪುನೀತ ಅಮೆರಿಕದ ಸಾಹೇಬರಿಗೆ, ಮೀಟಿಂಗು ನಮ್ಮ ಒಂದರಿಂದ ನಾಲ್ಕರೊಳಗೆ ಇಡಿ ಎಂದು ಕೇಳಿಕೊಂಡನಂತೆ. ಅವರು ಆಗ ಮಲಗಿರುತ್ತಾರಂತೆ. "ಅಂಕಲ್, ಅವ್ರನ್ನ ನಿದ್ದೆಯಿಂದ ಎಬ್ಬಿಸ್ಬೇಕು, ಇಲ್ಲ ನಾನು ಕೆಲ್ಸ ಬಿಡ್ಬೇಕು," ಎಂದು ಅವನು ದಿನಾ ನನ್ನ ಬಾಗಿಲಿಗೆ ಬಂದು ಹೇಳಿ ಹೋಗುತ್ತಿದ್ದ. ಊರೆಲ್ಲ ಮಲಗುವ ಹೊತ್ತಿನಲ್ಲಿ ಎದ್ದು ಕೂರುವ ಇಂಟರ್ನೆಟ್ಟು ಎಲ್ಲಿಯಾದರೂ ಉಂಟೇ ಎಂದು ಎಲ್ಲರೂ ನನ್ನನ್ನು ಬೈದರು. ಬೈಯದವರು ಕಾಕಾ ಒಬ್ಬರೇ.

"ನನಗಂತೂ ಏನೂ ತೊಂದರೆ ಇಲ್ಲ," ಎನ್ನುತ್ತಿದ್ದರು. "ಬೆಳಿಗ್ಗೆ ಆರಕ್ಕೆ ಕಂಪ್ಯೂಟರಿನ ಮುಂದೆ ಕೂರುತ್ತೇನೆ, ಒಂದಕ್ಕೆ ಆರಿಸಿ ಮಲಗುತ್ತೇನೆ, ನಾಲ್ಕಕ್ಕೆ ಮತ್ತೆ ಹಚ್ಚುತ್ತೇನೆ, ರಾತ್ರಿ ಕಳ್ಳರ ಭಯಕ್ಕೆ ಉರಿಯಲು ಬಿಡುತ್ತೇನೆ. ಒಂದು ಸಲವೂ ನಿಂತಿಲ್ಲ." ಅವರು ಅದರಲ್ಲಿ ಒಬ್ಬರೇ ಇಸ್ಪೀಟು ಆಡುತ್ತಿದ್ದರು. ಇಸ್ಪೀಟಿಗೆ ಇಂಟರ್ನೆಟ್ ಬೇಡ.

ಪರೀಕ್ಷೆಗೆ ಒಂದು ವಾರ ಉಳಿದಾಗ ರಿಜಿಸ್ಟರನ್ನು ಹರ್ಷಿತಾ ಮೇಡಂ ಮುಂದೆ ಇಟ್ಟೆ. ಅವರು ಮೊದಲ ಸಾಲು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಸರ್, ಒಂದನ್ನ ಒಬ್ರು ಮನುಷ್ಯರಿಗೆ ಕೊಟ್ಟಿದ್ದೀರಾ?"

"ಅಧ್ಯಕ್ಷರ್ರೀ ಅವ್ರು."

"ಸರ್, ಒಂದು ರೌಟರ್‌ದು! ಅದೇ ಬಾಗಿಲು! ಹೊರಗಡೆ ಹೋಗೋರೆಲ್ಲಾ ಒಂದನೇ ನಂಬರ್ ಎಲ್ಲಿ ಅಂತ ಕೇಳ್ಕೊಂಡೇ ಹೋಗ್ಬೇಕು. ಕ್ಲಾಸಲ್ಲಿ ಹೇಳಿದ್ನಲ್ಲ ಸರ್!"

"ಪೆಟ್ಟಿಗಿ ಸಹಿ ಮಾಡಂಗಿಲ್ಲಲ್ರಿ ಮೇಡಂ. ಅದಕ್ಕ ಅದು ರಿಜಿಸ್ಟರ್‌ನ್ಯಾಗ ಬರಲಿಲ್ಲ."

ಮೇಡಂ ಎರಡೂ ಕೈಗಳಲ್ಲಿ ತಲೆ ಹಿಡಿದುಕೊಂಡರು. ವಿಷಯ ಈಗ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಕಾಕಾ ಕಂಪ್ಯೂಟರ್ ಹಚ್ಚಿದರೆ ಕಟ್ಟಡಕ್ಕೆ ಎರಡು ಒಂದನೇ ನಂಬರು. ಹನ್ನೊಂದು ಮನೆಯವರ ಇಂಟರ್ನೆಟ್ಟು ಬಾಗಿಲನ್ನು ಹುಡುಕಿಕೊಂಡು ಹೋಗಿ ಕಾಕಾ ಅವರ ಇಸ್ಪೀಟಿನ ಮುಂದೆ ನಿಂತುಬಿಡುತ್ತಿತ್ತು. ಅವರು ಆರಿಸಿ ಮಲಗಿದರೆ ಮಾತ್ರ ಅದಕ್ಕೆ ನಿಜವಾದ ಬಾಗಿಲು ಸಿಗುತ್ತಿತ್ತು.

"ಅವ್ರಿಗೆ ಬೇರೆ ನಂಬರ್ ಕೊಡಿ ಸರ್. ಮಲಗಿದ್ದಾಗ ಹೋಗಿ ಚೇಂಜ್ ಮಾಡ್ಬಿಡಿ."

"ಸಹಿ ಆದ ಮ್ಯಾಲೆ ತಿದ್ದೂದೇನ್ರಿ? ಅದಕ್ಕ ಲೆಕ್ಕದ ಅಫರಾತಫರಿ ಅಂತಾರ."

"ಹಾಗಾದ್ರೆ ಅವ್ರನ್ನೇ ಕೇಳಿ!"

ಕೇಳಲು ಹೋದೆ. ಕಾಕಾ ಬೋರ್ಡಿಗೆ ಹದಿನೆಂಟನೆಯ ಸೂಚನೆಯನ್ನು ಚುಚ್ಚುತ್ತಿದ್ದರು. ನಾನು ಬಹಳ ನಯವಾಗಿ, ಒಂದರ ಬದಲು ಇಪ್ಪತ್ತೊಂದು ಹೇಗೆ ಎಂದು ಕೇಳಿದೆ. ಅವರ ಕೈಯಲ್ಲಿದ್ದ ಪಿನ್ನು ಅಲ್ಲೇ ನಿಂತಿತು. "ಸಿದ್ಧಲಿಂಗರಾವ್, ನನ್ನ ಮೇಲೆ ಅವಿಶ್ವಾಸ ಠರಾವು ತರುತ್ತಿದ್ದೀರಾ?" ಎಂದರು. ನಾನು ಹವಾಮಾನದ ಮಾತು ತೆಗೆದು ಅಲ್ಲಿಂದ ಜಾರಿಕೊಂಡೆ.

ಪರೀಕ್ಷೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಕಾಕಾ ಕಂಪ್ಯೂಟರ್ ಆರಿಸುವುದು ಒಂದಕ್ಕೆ. ಈ ಎರಡು ಗಂಟೆಯ ಅಂತರದಲ್ಲಿ ನನ್ನ ನಾಲ್ಕು ವರ್ಷದ ಕುರಕುಂಭ ಕುಳಿತಿತ್ತು. ಉಪಾಯ ಹೊಳೆದದ್ದು ಭೀಮವ್ವನಿಗೆ.

"ಅವ್ರು ಕಂಪ್ಯೂಟರ್ ಆರಿಸಿ ಮಲಗಿದ್ರ ಸಾಕಲ್ರಿ? ಮಲಗಸೂಣು ತಗೋರಿ. ನನ್ನ ಕೈಯಾನ ಹೋಳಿಗಿ ಉಂಡು ಎದ್ದು ಕುಂತವ್ರನ್ನ ನಾ ಇನ್ನೂ ನೋಡಿಲ್ಲ."

ಭಾನುವಾರ ಒಂಬತ್ತು ಗಂಟೆಗೆ ಕಾಕಾ ಅವರನ್ನು ಊಟಕ್ಕೆ ಕರೆದೆವು. ಯಾವ ಹಬ್ಬ ಎಂದು ಕೇಳಿದರು. ನಮ್ಮ ಕಡೆ ಇದೆ ಎಂದೆ. ಹೋಳಿಗೆ, ಅದರ ಮೇಲೆ ತುಪ್ಪ, ಎಣ್ಣೆಗಾಯಿ, ಕಟ್ಟಿನ ಸಾರು, ಮತ್ತೆ ಹೋಳಿಗೆ. ನಾಲ್ಕನೆಯ ಹೋಳಿಗೆಗೆ ಅವರ ಮಾತು ನಿಧಾನವಾಯಿತು. ಐದನೆಯದಕ್ಕೆ ರೆಪ್ಪೆ ಎಳೆಯತೊಡಗಿತು. ಭೀಮವ್ವ ನನ್ನ ಕಡೆ ನೋಡಿ ಗೆದ್ದವಳ ಹಾಗೆ ತಲೆಯಾಡಿಸಿ ಮೊಸರನ್ನದ ತಟ್ಟೆ ಎತ್ತಿದಳು. ಅದೇ ಹೊತ್ತಿಗೆ ಯಮನವ್ವ ಬಾಗಿಲಲ್ಲಿ ಬಂದು ನಿಂತಳು.

"ಅಯ್ಯ ಕಾಕಾ, ನೀವಿನ್ನೂ ಇಲ್ಲೇ ಕುಂತೀರಿ? ಸರಕಾರದವ್ರು ನೆಟ್ ನೋಡಾಕ ಬರಾಕತ್ತಾರಂತ!"

ಕಾಕಾ ಅವರ ಎರಡೂ ಕಣ್ಣು ತೆರೆದವು. ಮೊಸರನ್ನ ತಟ್ಟೆಯಲ್ಲೇ ಉಳಿಯಿತು. ಹನ್ನೊಂದು ಗಂಟೆಗೆ ಪರೀಕ್ಷಕರು ಹರ್ಷಿತಾ ಮೇಡಂ ಜೊತೆ ಗೇಟಿನೊಳಗೆ ಬಂದಾಗ, ಕಾಕಾ ಕಪ್ಪು ಕೋಟು, ಕಪ್ಪು ಟೊಪ್ಪಿಗೆ ಹಾಕಿಕೊಂಡು, ಮನೆಯ ಬಾಗಿಲನ್ನು ಪೂರ್ತಿ ತೆರೆದು, ಉರಿಯುವ ಕಂಪ್ಯೂಟರಿನ ಮುಂದೆ ನೆಟ್ಟಗೆ ಕುಳಿತಿದ್ದರು.

ಪರೀಕ್ಷಕರು ಸಣ್ಣ ಮೈಯ, ನಗು ಕಾಣದ ಮನುಷ್ಯ. ಹನ್ನೆರಡೂವರೆಗೆ ಇನ್ನೊಂದು ಕಡೆ ಹೋಗಬೇಕು, ಬೇಗ ತೋರಿಸಿ ಎಂದರು. ಪುನೀತನ ಮನೆಯಲ್ಲಿ ನೋಡಿದರು, ಇಲ್ಲ. ಯಮನವ್ವನ ಮನೆಯಲ್ಲಿ ನೋಡಿದರು, ಇಲ್ಲ. "ಒಂದಕ್ಕ ಬರ್ರಿ ಸಾಹೇಬ್ರ, ಛಲೋ ಬರತದ," ಎಂದು ಯಮನವ್ವ ನನ್ನ ಪರವಾಗಿ ಸಾಕ್ಷಿ ಹೇಳಿದಳು. ಪರೀಕ್ಷಕರು ಪೆನ್ನು ತೆಗೆದರು.

ನಾನು ಕಾಕಾ ಅವರ ಬಳಿಗೆ ಓಡಿದೆ. "ಕಾಕಾ, ಕೈ ಮುಗಿಯುತ್ತೇನೆ. ಅರ್ಧ ಗಂಟೆ ಕಂಪ್ಯೂಟರ್ ಆರಿಸಿರಿ."

"ಪರೀಕ್ಷಕರು ಬಂದಾಗ ಒಂದನೇ ನಂಬರೇ ಆರಿದ್ದರೆ ಸೊಸೈಟಿಯ ಮರ್ಯಾದೆ ಏನಾಗಬೇಕು?" ಎಂದರು ಕಾಕಾ. "ಮೀ ಉಠಣಾರ್ ನಾಹೀ."

ಏಳುವುದಿಲ್ಲವೆಂದರೆ ಏಳುವುದಿಲ್ಲ. ಮೆಟ್ಟಿಲ ಮೇಲೆ ಇಡೀ ಕಟ್ಟಡ ನಿಂತು ನೋಡುತ್ತಿತ್ತು. ಹರ್ಷಿತಾ ಮೇಡಂ ನೆಲ ನೋಡುತ್ತಿದ್ದರು. ಅವರು ಸಹಾಯ ಮಾಡುವಂತಿಲ್ಲ, ಅದು ನಿಯಮ. ನನಗೆ ಅಳು ಬರುವುದೊಂದು ಬಾಕಿ.

ಆಗ ಭೋಸರಿಯಲ್ಲಿ ಒಮ್ಮೆ ನಡೆದದ್ದು ನೆನಪಾಯಿತು. ದೊಡ್ಡ ಸಾಹೇಬರ ಮೇಜು ಸ್ಟೋರಿನ ಬಾಗಿಲಿಗೆ ಅಡ್ಡ ಬಂದಿತ್ತು. ಮೇಜು ಸರಿಸಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಗೋಡೆ ಒಡೆದು ಆಚೆ ಕಡೆ ಬೇರೆ ಬಾಗಿಲು ಇಟ್ಟೆವು.

ನಾನು ರಿಜಿಸ್ಟರು ಎತ್ತಿಕೊಂಡು ಪೆಟ್ಟಿಗೆಯ ಹತ್ತಿರ ಹೋದೆ. ಪುನೀತನ ಲ್ಯಾಪ್‌ಟಾಪಿನಿಂದ ಅದಕ್ಕೆ ನೇರ ತಂತಿ ಚುಚ್ಚಿ, ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ದೇವರ ಹೆಸರು ಹೇಳಿ ಒತ್ತುತ್ತ, ಪೆಟ್ಟಿಗೆಯ ಒಂದನೇ ನಂಬರನ್ನು ತೆಗೆದುಹಾಕಿ ಇನ್ನೂರ ಐವತ್ತನಾಲ್ಕು ಎಂದು ಕೊಟ್ಟೆ. ಕೊಡಲು ಬರುವ ನಂಬರುಗಳಲ್ಲಿ ಅದೇ ಕೊನೆಯದು. ಅಷ್ಟು ಹಿಂದಿನ ಜಾಗವನ್ನು ಯಾವ ಹಿರಿಯರೂ ಕೇಳಲಾರರು. ರಿಜಿಸ್ಟರಿನಲ್ಲೂ ಬರೆದೆ. ಸಹಿಯ ಕಾಲಂನಲ್ಲಿ ಪೆಟ್ಟಿಗೆಯ ಪರವಾಗಿ ನಾನೇ ಸಹಿ ಮಾಡಿದೆ.

ಇನ್ನು ಬಾಗಿಲು ಬದಲಾಗಿದೆ ಎಂದು ಹನ್ನೆರಡು ಕಂಪ್ಯೂಟರಿಗೂ ಒಂದೊಂದಾಗಿ ತಿಳಿಸಬೇಕಿತ್ತು. ನಾಲ್ಕು ಮಹಡಿ, ಲಿಫ್ಟಿಲ್ಲ, ನನ್ನ ಮೊಣಕಾಲು. ಪುನೀತ, "ಅಂಕಲ್, ಸೂಪರ್ ಐಡಿಯಾ!" ಎಂದು ಕೂಗಿದ. ಯಮನವ್ವ, "ಬಾಗಲಾ ಬದಲಸೂ ಮುಂದ ವಾಸ್ತು ಕೇಳೀರೇನ್ರಿ ಅಣ್ಣಾರ?" ಎಂದು ತಡೆದಳು. ವಕೀಲರು ಬರವಣಿಗೆಯಲ್ಲಿ ಅರ್ಜಿ ಕೊಡದೆ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ, ಅಲ್ಲೇ ನಿಂತು ಬರೆದುಕೊಟ್ಟೆ. ಒಬ್ಬೊಬ್ಬರಿಂದಲೂ ಸಹಿ ತೆಗೆದುಕೊಂಡೆ. ಕೊನೆಗೆ ಕಾಕಾ ಅವರಿಗೆ, ನಿಮ್ಮ ನಂಬರು ನಿಮ್ಮದೇ, ಬಾಗಿಲನ್ನಷ್ಟೇ ದೂರ ಇಟ್ಟಿದ್ದೇನೆ ಎಂದೆ. "ಕೆಲಸದವರ ಬಾಗಿಲು ಹಿಂದೆಯೇ ಇರಬೇಕು," ಎಂದು ಅವರು ಮಹಾಪ್ರಸನ್ನರಾಗಿ ಸಹಿ ಮಾಡಿದರು.

ಹನ್ನೆರಡೂಕಾಲಿಗೆ ಹನ್ನೆರಡು ಮನೆಯಲ್ಲೂ ಇಂಟರ್ನೆಟ್ ಬಂತು. ಯಮನವ್ವನ ಧಾರಾವಾಹಿಯ ಅಳು ಮೆಟ್ಟಿಲ ತನಕ ಕೇಳಿಸಿತು. ಭೀಮವ್ವ ಹೋಳಿಗೆ ಬಡಿಸಿ ತಡೆದಿಟ್ಟಿದ್ದ ಪರೀಕ್ಷಕರು ಬಾಯಲ್ಲಿದ್ದದ್ದನ್ನು ನುಂಗಿ ಕೇಳಿದರು.

"ಎಲ್ಲ ಕಡೆ ಗೇಟ್‌ವೇ ಒಂದರಲ್ಲಿ ಇರುತ್ತದೆ. ನೀವು ಕೊನೆಯಲ್ಲಿ ಇಟ್ಟಿದ್ದೀರಿ. ತಾಂತ್ರಿಕ ಕಾರಣ ಏನು?"

"ಒಂದರಾಗ ಹಿರಿಯರು ಕುಂತಾರ್ರಿ," ಎಂದೆ. ಮೇಡಂ ಅದನ್ನು ಇಂಗ್ಲಿಷಿನಲ್ಲಿ ಏನೆಂದು ಹೇಳಿದರೋ ತಿಳಿಯದು. ಆ ಮನುಷ್ಯ ಮೊದಲ ಸಲ ನಕ್ಕರು. ನನಗೆ ಡಿಸ್ಟಿಂಕ್ಷನ್ ಕೊಟ್ಟರು.

ಸೋಮವಾರ ನಾನು ಸರ್ಟಿಫಿಕೇಟಿನ ಸಮೇತ ಮ್ಯಾನೇಜರರ ಮುಂದೆ ನಿಂತೆ. ಅವರು ಅದನ್ನು ಎರಡು ಸಲ ಓದಿ ಎದ್ದು ಬಂದು ಕೈ ಕುಲುಕಿದರು. ಕಂಪನಿಯಲ್ಲಿ ಎಲ್ಲರೂ ಬೇಸಿಕ್ ಮಾಡಿದ್ದಾರಂತೆ, ಅಡ್ವಾನ್ಸ್‌ಡ್ ಮಾಡಿದವನು ನಾನೊಬ್ಬನೇ ಅಂತೆ. ಕುರಕುಂಭದ ಗೋದಾಮಿನಲ್ಲಿ ಹೊಸ ಜಾಲ ಹಾಕುತ್ತಿದ್ದಾರಂತೆ. ಅದನ್ನು ನೋಡಿಕೊಳ್ಳಲು ಬೇರೆ ಯಾರಿದ್ದಾರೆ?

ನನ್ನ ಕಣ್ಣಿಗೆ ಕತ್ತಲೆ ಬಂತು. ಆದರೆ ಡಿಸ್ಟಿಂಕ್ಷನ್ ಬಂದ ತಲೆ ಸುಮ್ಮನಿರಲಿಲ್ಲ. "ಸಾಹೇಬ್ರ, ನೆಟ್‌ವರ್ಕ್ ಅಂದ್ರ ಎಲ್ಲಿ ಕುಂತ್ರೂ ಕಾಣಸತದ. ಅಲ್ಲೀದು ನೋಡಾಕ ಅಲ್ಲಿಗೇ ಯಾಕ ಹೋಗಬೇಕ್ರಿ? ಇಲ್ಲೇ ಕುಂತು ನೋಡತೀನಿ," ಎಂದೆ.

ಮ್ಯಾನೇಜರು ಯೋಚಿಸಿದರು. ಮುಖ ಅರಳಿತು. "ಬರೋಬರ್! ಹಾಗಾದರೆ ಇಲ್ಲಿಗಾದರೂ ಯಾಕೆ ಬರಬೇಕು? ಮನೆಯಲ್ಲೇ ಕುಳಿತು ನೋಡಿರಿ."

ಅಂದು ನಾನು ಬಸ್‌ಸ್ಟಾಪಿನವರಿಗೆಲ್ಲ ಪೇಢೆ ಹಂಚಿದೆ. ಮನೆಯಿಂದ ಕೆಲಸ! ಅಮರನೂ ಕಂಡಿರದ ಸುಖ!

ಆ ಸುಖ ಎಂಟು ದಿನ ಬಾಳಿತು. ಮೊದಲನೆಯ ದಿನ ಹದಿನಾಲ್ಕು ಸಲ ಬಾಗಿಲ ಗಂಟೆ ಹೊಡೆಯಿತು. ಯಮನವ್ವನಿಗೆ ನಂಬರು ಬದಲಿಸಿಕೊಡಬೇಕು, ಒಂಬತ್ತು ಬಂದಾಗಿನಿಂದ ಅಳಿಯ ಮಾತು ಬಿಟ್ಟಿದ್ದಾನೆ. ಪಕ್ಕದ ಎರಡು ಸೊಸೈಟಿಯವರಿಗೆ ನಮ್ಮಂಥ ಜಾಲ ಬೇಕು, ಅಲ್ಲಿ ಒಂದೊಂದು ಕಡೆ ಮೂರು ಜನ ಅಧ್ಯಕ್ಷರಾಗಿದ್ದವರಿದ್ದಾರೆ, ಮೂವರಿಗೂ ಒಂದನೇ ನಂಬರೇ ಬೇಕು. ವಕೀಲರ ಗೀಸರ್ ಮತ್ತೆ ಕೆಟ್ಟಿದೆ. ಮನೆಯಲ್ಲೇ ಇದ್ದೀರಲ್ಲ ಎಂದು ಭೀಮವ್ವ ನನ್ನ ಮುಂದೆ ಮೆಂತ್ಯದ ಕಟ್ಟು ಸುರಿದಳು. ಕುರಕುಂಭದ ಜಾಲವನ್ನು ಒಮ್ಮೆಯೂ ನೋಡಲಾಗಲಿಲ್ಲ. ಒಂಬತ್ತನೆಯ ದಿನ ನಾನು ಹಿಂದಿನ ಮೆಟ್ಟಿಲಿನಿಂದ ಇಳಿದು, ಭೋಸರಿಗೆ ಹೋಗಿ, ಮ್ಯಾನೇಜರರ ಮುಂದೆ ಕೈ ಮುಗಿದು ನಿಂತೆ.

"ಸಾಹೇಬ್ರ, ನನ್ನ ಕುರಕುಂಭಕ್ಕ ಹಾಕ್ರಿ."

ಕಂಪನಿಯ ಇತಿಹಾಸದಲ್ಲಿ ಆ ಊರನ್ನು ಬಾಯಿಬಿಟ್ಟು ಕೇಳಿದವರು ಇಲ್ಲವಂತೆ. ಅವರು ನನ್ನನ್ನು ಕೂರಿಸಿ ನೀರು ಕೊಟ್ಟು, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಕೇಳಿ, ಆಮೇಲೆ ಆರ್ಡರಿಗೆ ಸಹಿ ಹಾಕಿದರು.

ಈಗ ಮೂರು ಗಂಟೆ ಬಸ್ಸಿನಲ್ಲಿ ಹೋಗುತ್ತೇನೆ, ಮೂರು ಗಂಟೆ ಬರುತ್ತೇನೆ. ಆ ಆರು ಗಂಟೆ ಯಾರೂ ನನ್ನ ಬಾಗಿಲ ಗಂಟೆ ಬಾರಿಸುವಂತಿಲ್ಲ. ಡಬ್ಬಿಯನ್ನು ಹೇಳಿದ ಮಾತಿನಂತೆ ಭೀಮವ್ವ ಕಟ್ಟುವುದಿಲ್ಲ, ನಾನೇ ಕಟ್ಟಿಕೊಳ್ಳುತ್ತೇನೆ. ನಿನ್ನೆ ಬಸ್ಸು ಹಡಪಸರ ದಾಟಿ, ಕಿಟಕಿಯ ಗಾಳಿಗೆ ಕಣ್ಣು ಹತ್ತುವಾಗ ಅವಳ ಫೋನು ಬಂತು.

"ರೀ, ಖಾಸನೀಸ ಕಾಕಾ ಬಂದು ಬಾಗಲದಾಗ ನಿಂತಾರ. ಕಂಪ್ಯೂಟರ್‌ನ್ಯಾಗ ಎಣಿಕಿ ಸೊನ್ನಿಯಿಂದ ಚಾಲೂ ಆಗತದಂತ, ಯಾರೋ ಹೇಳ್ಯಾರ. ಹಂಗಾದ್ರ ಒಂದು ಅಂದ್ರ ಎರಡನೇದು ಆತಲ್ಲ, ನನಗ ಮೋಸ ಮಾಡ್ಯಾರ, ಈಗಿಂದೀಗ ಸೊನ್ನಿ ಕೊಡ್ರಿ ಅನ್ನಾಕತ್ತಾರ. ಏನ್ ಹೇಳ್ಲಿ?"

"ಯಜಮಾನ್ರ ಫೋನು ಹತ್ತವಲ್ದು, ಅಲ್ಲಿ ನೆಟ್‌ವರ್ಕ್ ಇಲ್ಲ ಅಂತ ಹೇಳು."

"ಹತ್ತೇದಲ್ರಿ! ಮಾತಾಡಾಕತ್ತೀವಿ, ಕಾಕಾ ಎದರಿಗೇ ನಿಂತು ಕೇಳಾಕತ್ತಾರ!"

"ಹಲೋ?" ಎಂದೆ. "ಭೀಮಾ? ಏನೂ ಕೇಳಸವಲ್ದು. ಹಲೋ? ಹಲೋ?"